ಕೊಟ್ರ ಗಾಳಿ ತೊಳೆದದ್ದು

ಹೇಳಿದ ಮಾತು ಕೇಳದ ಮಕ್ಕಳು ಊರ ತುಂಬ ಇದ್ದಾರೆ. ಖಾನಾವಳಿ ಹಾಲವ್ವನ ಮಗ ಕೊಟ್ರ ಹೇಳಿದ್ದನ್ನೆಲ್ಲ ಕೇಳುತ್ತಿದ್ದ, ಅವಳ ತಾಪತ್ರಯವೇ ಅದು. ಹಾಲು ಉಕ್ಕೀತು, ನೋಡ್ತಿರು ಅಂದರೆ ಉಕ್ಕಿ ಒಲೆ ಆರುವ ತನಕ ನೋಡುತ್ತಿದ್ದ. ಆಮೇಲೆ, "ನೋಡಿದೆ ಯವ್ವಾ, ಚೆಂದಾಗಿ ಉಕ್ತು" ಅನ್ನುತ್ತಿದ್ದ.

ಆ ಚಳಿಗಾಲ ಹಾಲವ್ವನ ಇಕ್ಕಟ್ಟು ಖಾನಾವಳಿಯಲ್ಲಿ ಒಬ್ಬ ಸೀನಿದರೆ ಸಾಲಿಗೆ ಸಾಲೇ ಸೀನುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಹೋಟೆಲಿಗೆ ಜಾರಿದರು. ಉಳಿದ ಆಸೆ ಒಂದೇ, ಹಾಸ್ಟೆಲ್ ವಾರ್ಡನ್ ಪಾಲಾಕ್ಷಪ್ಪ. ಸೋಮವಾರ ಬಂದು ಉಂಡು ನೋಡ್ತೀನಿ, ಗಾಳಿ ಚೊಕ್ಕ ಇದ್ದರೆ ನಮ್ಮ ಹುಡುಗರ ಊಟ ನಿನಗೇ, ಇಲ್ಲಾಂದ್ರೆ ಇಲ್ಲ ಅಂದಿದ್ದರು. ಹಾಲವ್ವ ಗಾಳಿ ತೊಳೆಯುವ ಪೆಟ್ಟಿಗೆ ತರಿಸಿದಳು.

ಕರೆಂಟ್ ಕೆಲಸದ ಮಾಬುಸಾಬ ಅದನ್ನು ಗೋಡೆಗೆ ಕೂರಿಸಿದ. ಫ್ಯಾನು ಗಾಳೀನ ಒಳಕ್ಕೆ ಎಳೀತದೆ, ಒಳಗಿರೋ ನೇರಳಾತೀತ ಬೆಳಕು ಅದರ ಕ್ರಿಮಿ ಕೊಲ್ತದೆ ಅಂತ ವಿವರಿಸಿದ. ಹೋಗುವಾಗ, ಆ ಬೆಳಕು ಮಾತ್ರ ಯಾರ ಕಣ್ಣಿಗೂ ಬೀಳಬಾರದು ಕೊಟ್ರಾ, ಕಣ್ಣು ಕೆಡ್ತದೆ ಅಂದ.

ಮಧ್ಯಾಹ್ನ ಹಾಲವ್ವ ಅಡುಗೆಮನೆಯಿಂದ ಬಂದು ನೋಡುತ್ತಾಳೆ, ಉಣ್ಣುವವರೆಲ್ಲರ ಕಣ್ಣಿಗೂ ಟವೆಲ್ ಬಿಗಿದಿದೆ! ಒಬ್ಬ ತನ್ನ ಮೂಗಿಗೆ ಶೇಂಗಾ ಚಟ್ನಿ ತಿನ್ನಿಸುತ್ತಿದ್ದ. ಇನ್ನೊಬ್ಬ ಪಕ್ಕದವನ ರೊಟ್ಟಿ ಮುರಿಯುತ್ತಿದ್ದ. ಅವನ ಟವೆಲ್ ಒಂಚೂರು ಸಡಿಲ ಇತ್ತು ಅಂತ ಸುದ್ದಿ.

"ಬೆಳಕು ಪೆಟ್ಟಿಗೆ ಒಳಗೈತಲ್ಲೋ ಪೆದ್ದ! ಮುಚ್ಚಿದ್ದರೆ ಏನೂ ಭಯ ಇಲ್ಲ, ತಿಳೀತಾ?" ಅಂತ ಹಾಲವ್ವ ಬೈದಳು.

ಮುಚ್ಚಿದ್ದರೆ ಭಯ ಇಲ್ಲ. ರಾತ್ರಿಯೆಲ್ಲ ಅದನ್ನೇ ಜಪಿಸಿದ ಕೊಟ್ರ ಬೆಳಗಾಗುತ್ತಲೇ ಕಿಟಕಿ ಮುಚ್ಚಿದ, ಬಾಗಿಲು ಮುಚ್ಚಿದ, ಸಂದಿಗೆ ಗೋಣಿಚೀಲ ತುರುಕಿದ. ಊಟದ ಹೊತ್ತಿಗೆ ಹಾಲವ್ವ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಳು. ಅಷ್ಟೇ. ಗಿರಾಕಿಗಳು ಕೆಮ್ಮುತ್ತ, ಅಳುತ್ತ, ತಟ್ಟೆ ಸಮೇತ ಬೀದಿಗೆ ಬಿದ್ದರು.

ಓಡಿಬಂದ ಮಾಬುಸಾಬ ಚೆನ್ನಾಗಿ ಉಗಿದ. ಅದು ಕ್ರಿಮಿ ಕೊಲ್ಲುವ ಬೆಳಕು, ಹೊಗೆ ನುಂಗುವ ಭೂತ ಅಲ್ಲ, ಪೆಟ್ಟಿಗೆ ಇದ್ದರೂ ಕಿಟಕಿ ತೆಗೆದಿರಬೇಕು. ಇನ್ನೊಂದು ಕೇಳು, ಅದು ಮೂಲೆ ಮೂಲೆಗೆ ಹೋಗಿ ಕ್ರಿಮಿ ಹುಡುಕಲ್ಲ, ಪೆಟ್ಟಿಗೆ ಒಳಗೆ ಹೊಕ್ಕ ಗಾಳೀನ ಮಾತ್ರ ತೊಳೀತದೆ.

ಹೊಕ್ಕದ್ದನ್ನು ಮಾತ್ರ. ಕೊಟ್ರ ಅದನ್ನೂ ತಲೆಯಲ್ಲಿ ಇಟ್ಟುಕೊಂಡ.

ಸೋಮವಾರ ಪಾಲಾಕ್ಷಪ್ಪ ಬಂದರು. ಕಿಟಕಿ ತೆಗೆದಿತ್ತು, ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ಎಣ್ಣೆಗಾಯಿ ಮತ್ತೆ ಮತ್ತೆ ಹಾಕಿಸಿಕೊಂಡರು. ಹಾಲವ್ವ ಜೀವ ಕೈಯಲ್ಲಿ ಹಿಡಿದು ನಿಂತಿದ್ದಳು.

"ಹಾಲವ್ವಾ, ನಮ್ಮ ಹುಡುಗರ ಊಟ..." ಅಂದವರು ಮಾತು ಅಲ್ಲೇ ನಿಲ್ಲಿಸಿದರು. ಮೂಗು ಅರಳಿತು. ಸೀನು ಬರುತ್ತಿತ್ತು.

ಸೀನು ಮೂಲೆಗೆ ಹೋದರೆ ತೊಳೆಯೋರು ಯಾರು? ಕೊಟ್ರ ನೆಗೆದು, ವಾರ್ಡನ್ನರನ್ನು ಜೋಳದ ಚೀಲದಂತೆ ಎತ್ತಿ, ಮೂಗನ್ನು ಪೆಟ್ಟಿಗೆಯ ಜಾಲರಿಗೆ ಒತ್ತಿ ಹಿಡಿದ.

"ಈಗ ಸೀನ್ರಿ ಸಾರ್, ಒಂದು ಹನೀನೂ ಹಾಳಾಗಬಾರದು."

ಸೀನಿದರು. ಹಾಲವ್ವ ಕಣ್ಣು ಮುಚ್ಚಿಕೊಂಡಳು. ಕೆಳಗಿಳಿದ ಪಾಲಾಕ್ಷಪ್ಪ ಪಂಚೆ ಸರಿಮಾಡಿಕೊಂಡು, ಕೊಟ್ರನ ಮುಖ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಗಾಳಿ ಮೇಲೆ ಇಷ್ಟು ಪ್ರೀತಿ ಇರೋನನ್ನ ನಾನು ಕಂಡಿಲ್ಲ. ನಾಳೆಯಿಂದ ಹುಡುಗರು ಬರ್ತಾರೆ. ಆದ್ರೆ ಪೆಟ್ಟಿಗೆ ಒಂದನ್ನೇ ನಂಬಬೇಡಪ್ಪ. ಸೀನೋರು ಹಾಸ್ಟೆಲಲ್ಲೇ ಇರಲಿ, ಇಲ್ಲಿಗೆ ಬಿಡಬೇಡ."

ಹಾಲವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಕೇಳಿದ್ಯಲ್ಲ, ಹಂಗೇ ಮಾಡು ಮಗನೇ ಅಂದಳು.

ಮರುದಿನ ಹಾಸ್ಟೆಲ್ ಹುಡುಗರು ಬಂದು ಸಾಲಾಗಿ ಕೂತರು. ಕೊಟ್ರ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮೂಗನ್ನೂ ನೋಡಿ ಒಳಗೆ ಬಿಟ್ಟಿದ್ದ. ಒಬ್ಬನೂ ಸೀನಲಿಲ್ಲ. ಹಾಲವ್ವ ಖುಷಿಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಳು, ಘಾಟು ಮೂಗಿಗೇರಿತು, ಸೀನಿದಳು.

ಕೊಟ್ರ ಒಲೆ ಆರಿಸಿ, ಅವ್ವನನ್ನು ಸೌಟು ಸಮೇತ ಹೆಗಲಿಗೇರಿಸಿ, ಹಾಸ್ಟೆಲಲ್ಲಿ ಕೂರಿಸಿ, ಹೊರಗಿನಿಂದ ಚಿಲಕ ಹಾಕಿ ಬಂದ.

ಹುಡುಗರು ಖಾಲಿ ತಟ್ಟೆ ಬಡಿಯುತ್ತಿದ್ದರು. ಕಿಟಕಿ ತೆಗೆದಿತ್ತು, ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು, ಸೀನುವವರು ಒಬ್ಬರೂ ಇರಲಿಲ್ಲ. ಅಷ್ಟು ಶುದ್ಧವಾದ ಗಾಳಿ ಊರಲ್ಲೇ ಎಲ್ಲೂ ಇರಲಿಲ್ಲ.

ಕೊಟ್ರ ಎಲ್ಲರ ತಟ್ಟೆಗೂ ಅದನ್ನೇ ಬಡಿಸಿದ.