ಹಾಲವ್ವನ ಸೌಟು

ಬಹಳ ಹಿಂದೆ, ಇಸವಿ ಯಾರಿಗೂ ನೆನಪಿಲ್ಲದ ಕಾಲದಲ್ಲಿ, ಎರೆಹೊಲಗಳ ನಡುವಿನ ಒಂದು ಊರಿನಲ್ಲಿ ಹಾಲವ್ವ ಎಂಬ ಔಷಧ ಕೊಡುವ ಮುದುಕಿ ಇದ್ದಳಂತೆ. ಬೆಲ್ಲದ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ನಮ್ಮ ಹಿರಿಯರು ಅವಳ ಕಟ್ಟೆಯ ಮೇಲೆ ತಂಗುತ್ತಿದ್ದರಂತೆ. ಬಾಗಿಲಾಚೆಯ ಕೆಮ್ಮು ಕೇಳಿಯೇ ರೋಗ ಹೇಳುತ್ತಿದ್ದಳಂತೆ. ಸತ್ತವರನ್ನೂ ಎಬ್ಬಿಸಿದಳು ಅನ್ನುವವರಿದ್ದಾರೆ. ನಾನು ವ್ಯಾಪಾರದವನು, ಮೊದಲು ಹೇಳಿದ ದರಕ್ಕೆ ಒಪ್ಪುವವನಲ್ಲ, ಅದನ್ನು ಬಿಡಿ. ಆದರೆ ಮುಂದಿನದನ್ನು ಮಾತ್ರ ಯಾರೂ ಬೆಳೆಸಿ ಹೇಳಿಲ್ಲ. ಬೆಳೆಸುವ ಧೈರ್ಯ ಯಾರಿಗೂ ಬಂದಿಲ್ಲ.

ಹಾಲವ್ವನಿಗೆ ಚನ್ನವೀರ ಎಂಬ ಮೊಮ್ಮಗ. ಹಾಲುಹಲ್ಲು ಬೀಳುವ ಮೊದಲೇ ಅಜ್ಜಿಯ ವಿದ್ಯೆಯೆಲ್ಲ ಅವನ ಬಾಯಲ್ಲಿತ್ತಂತೆ. ಯಾವ ಬೇರು, ಯಾವ ತೊಗಟೆ, ಎಷ್ಟು ಕುದಿಸಬೇಕು, ಎಷ್ಟು ಕೊಡಬೇಕು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದನಂತೆ. ಗಾಡಿಯವರು ಅವನಿಂದ ಹೇಳಿಸಿ, ಕೇಳಿ, ಬೆಲ್ಲದ ಚೂರು ಕೊಡುತ್ತಿದ್ದರಂತೆ. ಇನ್ನೂ ಚಿಕ್ಕವನು, ಇಷ್ಟು ಬೇಗ ಯಾಕೆ ಎಂದು ಯಾರೋ ಅಂದಾಗ, ಕಲಿಯುವ ತಲೆಗೆ ವಯಸ್ಸು ಯಾಕೆ ಎಂದು ಹಾಲವ್ವನೇ ನಕ್ಕಳಂತೆ.

ಸುಗ್ಗಿಯ ಒಂದು ದಿನ ಹಾಲವ್ವ ಬೇರು ತರಲು ಗುಡ್ಡಕ್ಕೆ ಹೋದಳು. ಹುಡುಗನ ತಂದೆತಾಯಿ ಹೊಲದಲ್ಲಿದ್ದರು. ಮನೆಯಲ್ಲಿದ್ದವರು ಅವನು ಮತ್ತು ತೊಟ್ಟಿಲಲ್ಲಿದ್ದ ತಂಗಿ, ಇಬ್ಬರೇ. ತಂಗಿಗೆ ಉಬ್ಬಸ ಬಂತು. ಹುಡುಗ ಹೆದರಲಿಲ್ಲವಂತೆ. ಉಬ್ಬಸದ ಕಷಾಯ ಗಡಿಗೆಯಲ್ಲಿತ್ತು, ವಿಷದ ಗಿಡದ್ದು. ಅದರ ಅಳತೆ ಒಂದು ಸೌಟು ಎಂದು ಅವನಿಗೆ ಗೊತ್ತಿತ್ತು. ಕೂಸಿನ ತಲೆ ಎತ್ತಿ ಹಿಡಿದು ಸೌಟು ಪೂರ್ತಿ ಕುಡಿಸಿದ.

ಹಾಲವ್ವ ತಲೆಯ ಮೇಲಿನ ಬೇರಿನ ಹೊರೆ ಇಳಿಸುವ ಮೊದಲೇ ಅವನು ಓಡಿಬಂದನಂತೆ.

"ಒಂದು ಹನಿ ಸೈತ ತಪ್ಪಿಲ್ಲಜ್ಜಿ. ನೀ ಹೇಳಿದಷ್ಟ ಕೊಟ್ಟೀನಿ. ಮಕ್ಕೊಂಡಾಳ ನೋಡು."

ಹೊರೆ ತಲೆಯ ಮೇಲೆಯೇ ಉಳಿಯಿತಂತೆ. ಕೂಸು ಮತ್ತೆ ಏಳಲಿಲ್ಲ. ಆ ಸುದ್ದಿ ಕೇಳಿ ಬೀಸುಕಲ್ಲು ನಿಲ್ಲಿಸಿದವರು ಮತ್ತೆ ತಿರುಗಿಸುವುದನ್ನೇ ಮರೆತರಂತೆ. ಕೂಸಿನ ತಾಯಿ ಅಳಲೂ ಇಲ್ಲ, ಗೋಡೆ ಹಿಡಿದು ನಿಂತಳಂತೆ. ಮಗನನ್ನು ಹೊಡೆಯಲು ಕೈಯೆತ್ತಿದ ತಂದೆಗೆ ಹಾಲವ್ವ ಅಡ್ಡ ಬಂದಳು.

"ಅವ ಎಲ್ಲಾ ಬರೋಬ್ಬರಿ ಮಾಡ್ಯಾನ. ಹೊಡಿಯೂದಿದ್ರ ನನಗ ಹೊಡಿ."

ಯಾಕೆ ಎಲ್ಲರೂ ಹಾಗೆ ನೋಡುತ್ತಿದ್ದಾರೆ ಎಂದು ಹುಡುಗನಿಗೆ ತಿಳಿಯಲೇ ಇಲ್ಲವಂತೆ. ಹೇಳಿದರು, ಆದರೂ ತಿಳಿಯಲಿಲ್ಲ. ಅಳತೆ ಸರಿಯಿತ್ತು ಅನ್ನುತ್ತಲೇ ಇದ್ದನಂತೆ.

ಅಂದಿನಿಂದ ಹಾಲವ್ವ ಔಷಧ ಕಲಿಸುವುದನ್ನು ನಿಲ್ಲಿಸಿದಳು. ಕಲಿಯಲು ಬಂದ ಮಕ್ಕಳ ಕೈಗೆ ಅದೇ ಸೌಟು ಕೊಟ್ಟು, ಕಟ್ಟೆಯ ಮೇಲೆ ಸಾಲಾಗಿ ಕೂತವರಿಗೆ ಅಂಬಲಿ ಬಡಿಸು ಅನ್ನುತ್ತಿದ್ದಳಂತೆ. ಸಾಲಿನಲ್ಲಿ ನೇಗಿಲು ಹೊಡೆದು ಬಂದವರು, ಹಲ್ಲಿಲ್ಲದ ಮುದುಕರು, ಅವ್ವನ ತೊಡೆಯ ಮೇಲಿನ ಕೂಸುಗಳು. ಗೌಡರ ಮಗ ಎಲ್ಲರಿಗೂ ಸಮನಾಗಿ ಹಾಕಿದ. ಕೂಸಿನ ಬಟ್ಟಲು ತುಂಬಿ ತೊಡೆಯ ಮೇಲೆ ಹರಿಯಿತು.

"ಅಂಬಲಿ ಬಡಸೂದು ಕಲಿಯಾಕ ನಿನ್ನ ಬಾಗಲಕ್ಕ ಬರಬೇಕೇನ ಹಾಲವ್ವ? ನಮ್ಮನ್ಯಾಗ ಒಲಿ ಇಲ್ಲೇನ?" ಎಂದರಂತೆ ಗೌಡರು.

"ಬಡಸೂದು ಬಂದೈತ್ರಿ ಗೌಡ್ರ. ಯಾರಿಗೆ ಅನ್ನೂದು ಬಂದಿಲ್ಲ. ಇನ್ನಷ್ಟು ದಿನ ಆಡ್ಲಿ ಬಿಡ್ರಿ."

ಚನ್ನವೀರನೂ ಬಡಿಸಿದ. ದಿನವೂ ಬಡಿಸಿದ, ದಿನವೂ ಸಮನಾಗಿಯೇ. ಸುಗ್ಗಿಗಳು ಬಂದುಹೋದವು. ಅವನ ಹಲ್ಲು ಬಿದ್ದು ಹೊಸವು ಬಂದವು. ಒಂದು ಮಧ್ಯಾಹ್ನ, ಯಾರದೋ ಕೂಸಿನ ಮುಂದೆ ಸೌಟು ಬಗ್ಗಿಸಿದವನು ತಡೆದ. ಕೂಸಿನ ಬಾಯಿ ನೋಡಿದ. ಸೌಟಿನೊಳಗೆ ನೋಡಿದ. ಬಹುಪಾಲು ಅಂಬಲಿಯನ್ನು ಗಡಿಗೆಗೆ ಮರಳಿ ಸುರಿದು, ತಳದಲ್ಲಿ ಉಳಿದದ್ದನ್ನಷ್ಟೇ ಹಾಕಿದ. ಸೌಟು ಎತ್ತಿದವನು ಹಾಗೆಯೇ ನಿಂತ. ಆಮೇಲೆ, ಯಾರೂ ಮುಟ್ಟದೆ, ಯಾರೂ ಏನೂ ಅನ್ನದೆ, ನೆಲಕ್ಕೆ ಕುಸಿದು ತಂಗಿಯ ಹೆಸರು ಹಿಡಿದು ಕೂಗಿದನಂತೆ. ಆ ಕೂಗಿಗೆ ಗಾಡಿಯ ಎತ್ತುಗಳು ಬೆದರಿದವಂತೆ. ಈ ಮಾತಿನಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಅವನು ಅತ್ತು ಮುಗಿಸುವವರೆಗೆ ಹಾಲವ್ವ ಪಕ್ಕದಲ್ಲಿ ಕೂತಿದ್ದಳಂತೆ. ಮರುದಿನ ಬೆಳಗ್ಗೆ ಅವನಿಗೆ ಮೊದಲ ಬೇರಿನಿಂದ ಮತ್ತೆ ಪಾಠ ಶುರು ಮಾಡಿದಳಂತೆ.

ಆ ಊರಿನಲ್ಲಿ ಈಗಲೂ ಮಗುವನ್ನು ದೊಡ್ಡ ವಿದ್ಯೆಗೆ ಹಚ್ಚುವ ಮೊದಲು ಕೈಗೆ ಸೌಟು ಕೊಡುತ್ತಾರೆ. ನನ್ನ ಅಂಗಡಿಗೆ ಹುಡುಗರನ್ನು ತೆಗೆದುಕೊಳ್ಳುವಾಗ ನಾನೂ ಕೊಡುತ್ತೇನೆ. ಆದರೆ ಮಗು ಸೌಟು ತಡೆದು, ನೋಡಿ, ಗಡಿಗೆಗೆ ಮರಳಿ ಸುರಿದ ದಿನ ಆ ಊರಿನಲ್ಲಿ ಯಾರೂ ಭೇಷ್ ಅನ್ನುವುದಿಲ್ಲ. ಸಾಲಿನಲ್ಲಿ ಕೂತವರು ತಲೆ ಎತ್ತದೆ ಊಟ ಮುಗಿಸಿ ಏಳುತ್ತಾರೆ.