ಮೀಸೆಮೀನಿಗೆ ಬಣ್ಣ ಕಚ್ಚಲಿಲ್ಲ

ಲೋಕಕ್ಕೆ ಇನ್ನೂ ಬಣ್ಣ ಹಾಕಿ ಮುಗಿದಿರದ ಕಾಲ ಅದು, ಮಾನ್ವಿ. ಗಿಣಿಗೆ ಹಸಿರು ಬಂದಿತ್ತು, ದಾಸವಾಳಕ್ಕೆ ಕೆಂಪು ಬಂದಿತ್ತು. ನೀರಿನೊಳಗಿನ ಮೀನುಗಳು ಮಾತ್ರ ಗಂಜಿತಿಳಿಯ ಹಾಗೆ ಬಿಳುಚಿಕೊಂಡಿದ್ದವು. ಕಪ್ಪು ಕೆಸರಿನ ಮೇಲೆ ಒಂದೊಂದೂ ಎದ್ದು ಕಾಣುತ್ತಿತ್ತು. ಕೊಕ್ಕರೆಗೆ ದಿನಾ ಹಬ್ಬ.

ಮೀನುಗಳಿಗೆ ಬಣ್ಣ ಹಾಕುವ ಕೆಲಸ ಹೊಳೆಯವ್ವನ ತಲೆಗೆ ಬಂತು. ಹೊಳೆಯವ್ವ ಅಂದರೆ ಹೊಳೆಯೇ. ಒಳ್ಳೆಯವಳು, ಬಾಯಿ ಮಾತ್ರ ಜೋರು. ಅಜ್ಜಿಯ ಹಾಗೆ ಅಂತ ಕಿಸಿಯಬೇಡ, ಕೇಳು.

ನನ್ನ ತವರಿನಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು, ಹಾಗಾಗಿ ಆ ಕಷ್ಟ ನನಗೆ ಗೊತ್ತು. ಬಣ್ಣದಲ್ಲಿ ಅದ್ದಿದರೆ ಮುಗಿಯಲಿಲ್ಲ. ಆಮೇಲೆ ಪಟಿಕದ ನೀರಿನಲ್ಲಿ ಮುಳುಗಿಸಿ ಇಡಬೇಕು, ಸಂಜೆಯ ತನಕ ಮುಟ್ಟಬಾರದು. ಆಗಲೇ ಬಣ್ಣ ಕಚ್ಚುವುದು. ನಡುವೆ ಎತ್ತಿದಿರೋ, ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಎಲ್ಲ ಮೀನುಗಳೂ ಬಂದವು, ಅದ್ದಿಸಿಕೊಂಡವು, ಪಟಿಕದ ಮಡುವಿನಲ್ಲಿ ಸುಮ್ಮನೆ ಕೂತವು, ಹೋದವು. ಮೀಸೆಮೀನು ಮಾತ್ರ ಬರಲಿಲ್ಲ.

"ಬಾರೋ" ಅಂದಳು ಹೊಳೆಯವ್ವ.

"ಮಕ್ಕಳು ಚಿಕ್ಕವು, ನಾಳೆ ಬರ್ತೀನವ್ವ."

ಮರುದಿನ ಮತ್ತೆ ಕರೆದಳು. "ಬಾರೋ."

"ಈಗಷ್ಟೇ ಮಲಗಿವೆ, ನಾಳೆ ಬರ್ತೀನವ್ವ."

ಅವನ ಹೆಂಡತಿ ಮೊಟ್ಟೆಯಿಟ್ಟು ತನ್ನ ದಾರಿ ಹಿಡಿದಿದ್ದಳು. ಬಂಡೆಯ ಪೊಟರೆಯಲ್ಲಿ ಮರಿಗಳನ್ನು ಕಾಯುವುದು ಅಪ್ಪನ ಪಾಲಿಗೇ ಬಂದಿತ್ತು. ಅದೆಲ್ಲ ಸರಿ. ಆದರೆ ಕರೆದು ಕರೆದು ಗಂಟಲು ಒಣಗಿದವಳಿಗೆ ಸಿಟ್ಟು ಬರುವುದಿಲ್ಲವೇ?

ನಾಲ್ಕನೇ ದಿನ ಹೊಳೆಯವ್ವ ಪೊಟರೆಯ ಬಾಗಿಲಿಗೇ ಹೋದಳು. "ಬಣ್ಣ ಮುಗೀತಾ ಬಂತು. ಈ ಬಿಳೀ ಮೈ ಹೊತ್ತು ಇಲ್ಲಿ ಕೂತಿದ್ದೀಯಲ್ಲ, ಮಕ್ಕಳು ಎಲ್ಲಿವೆ ಅಂತ ಕೊಕ್ಕರೆಗೆ ನೀನೇ ತೋರಿಸಿಕೊಟ್ಟ ಹಾಗೆ. ಅಷ್ಟೂ ಬುದ್ಧಿ ಬೇಡವೇನೋ?"

ಆ ಮಾತು ನಾಟಿತು. ಮೀಸೆಮೀನು ಹೋದ. ಕೆಸರಿನಂಥದೇ ಕಪ್ಪು ಬಣ್ಣ ಹಾಕಿಸಿಕೊಂಡ. ಪಟಿಕದ ಮಡುವಿಗೆ ಇಳಿದ.

"ಅಲುಗಾಡಬೇಡ" ಅಂದಳು ಹೊಳೆಯವ್ವ.

ಸ್ವಲ್ಪ ಹೊತ್ತಾಯಿತು. "ಅವ್ವ, ಮಕ್ಕಳು ಅಳ್ತಿವೆಯೇನೋ."

"ಅಳ್ತಿಲ್ಲ. ಅಲುಗಾಡಬೇಡ."

"ಅವ್ವ, ಆ ಕಡೆ ನೀರು ಕದಲಿತು."

"ನಾನೇ ಕಣೋ ನೀರು. ಕದಲದೆ ಕಲ್ಲಾಗಿ ಕೂರಲೇನು? ಅಲುಗಾಡಬೇಡ."

ಇನ್ನೇನು ಸಂಜೆಯಾಗಬೇಕು, ಗಾಳಿ ಓಡಿಬಂತು. "ಕೊಕ್ಕರೆ ಪೊಟರೆಯ ಹತ್ತಿರ ಇಳಿದಿದೆ" ಅಂತು.

ಮೀಸೆಮೀನು ಮಡುವಿನಿಂದ ನೆಗೆದ.

"ಲೋ, ಬಣ್ಣ ಇನ್ನೂ ಕಚ್ಚಿಲ್ಲ ಕಣೋ! ಎಲ್ಲ ಹಾಳಾಗುತ್ತೆ."

ಕೇಳುವುದಕ್ಕೆ ಅವನು ಅಲ್ಲಿದ್ದರೆ ತಾನೇ?

ಕೊಕ್ಕರೆ ಪೊಟರೆಯೊಳಗೆ ಕೊಕ್ಕು ಇಳಿಸುತ್ತಿತ್ತು. ಮೀಸೆಮೀನು ಹೋಗಿ ಬಾಗಿಲಿಗೆ ಅಡ್ಡ ನಿಂತ. ಕೊಕ್ಕರೆ ಅವನನ್ನೇ ಕಚ್ಚಿ ಎತ್ತಿತು. ಅವನು ಈಜುರೆಕ್ಕೆಯ ಎರಡೂ ಮುಳ್ಳು ನಿಮಿರಿಸಿದ. ಮುಳ್ಳು ಗಂಟಲಿಗೆ ನಾಟಿ ಕೊಕ್ಕರೆ ಅವನನ್ನು ಥೂ ಎಂದು ಉಗಿದು ಹಾರಿಹೋಯಿತು.

ಕತ್ತಲಾಗುವ ಮೊದಲು ಮೀಸೆಮೀನು ತಿರುಗಿ ಬಂದ. ಮೈ ಅಲ್ಲಲ್ಲಿ ಕಪ್ಪು, ಅಲ್ಲಲ್ಲಿ ಬಿಳುಪು. ಇನ್ನೂ ನಡುಗುತ್ತಿದ್ದ. ನಡುಗಿದಷ್ಟೂ ಬಣ್ಣ ಬಿಟ್ಟುಕೊಳ್ಳುತ್ತಿತ್ತು.

ಹೊಳೆಯವ್ವನಿಗೆ ಮೈ ಉರಿಯಿತು. "ನಾಲ್ಕು ದಿನ ಬಾಯಿ ಬಡ್ಕೊಂಡೆ. ಬಣ್ಣ ಮುಗೀತು, ಪಟಿಕ ಮುಗೀತು. ನಿನಗಿನ್ನು ಏನು ಹಾಕಲಿ ನಾನು?"

"ಒಂದು ಮರಿಯೂ ಹೋಗಿಲ್ಲವ್ವ" ಅಂದ ಮೀಸೆಮೀನು.

"ಹೋಗು, ಮಕ್ಕಳ ಹತ್ತಿರ ಹೋಗು" ಅಂದಳು ಹೊಳೆಯವ್ವ, ಅಷ್ಟೇ.

ಅದಕ್ಕೇ ಮಗಳೇ, ಇವತ್ತಿಗೂ ಮೀಸೆಮೀನಿಗೆ ಒಂದು ಬಣ್ಣ ಅಂತ ನಿಲ್ಲುವುದಿಲ್ಲ. ನೆಮ್ಮದಿಯಾಗಿದ್ದರೆ ಕಪ್ಪು, ಎದೆ ನಡುಗಿದರೆ ಬಿಳುಪು. ನಮ್ಮ ಗಾಜಿನ ತೊಟ್ಟಿಯ ಮೀಸೆಮೀನು ಬಿಳುಚಿಕೊಂಡಿತು ಅಂತ ನಿಮ್ಮಪ್ಪ ಮೂರು ಸಲ ನೀರು ಬದಲಾಯಿಸಿದ, ಅಂಗಡಿಯವನು ಎರಡು ಔಷಧಿ ಕೊಟ್ಟ, ನೀನು ಬೆಳಗಿನಿಂದ ನನ್ನ ತಲೆ ತಿಂದೆ. ಅದಕ್ಕೆ ಕಾಯಿಲೆಯಿಲ್ಲ, ಏನೂ ಇಲ್ಲ. ಗಾಜಿನ ಮೇಲೆ ನಮ್ಮ ನೆರಳು ಬಿದ್ದಾಗಲೆಲ್ಲ ಅದು ಬಿಳುಚಿಕೊಂಡು ಆ ಕಲ್ಲಿಗೆ ಅಡ್ಡ ನಿಲ್ಲುತ್ತದೆ ನೋಡು, ಅಲ್ಲಿ ಕೊಕ್ಕರೆಯೂ ಇಲ್ಲ, ಹಿಂದೆ ಒಂದು ಮರಿಯೂ ಇಲ್ಲ ಅಂತ ಅದಕ್ಕೆ ಹೇಳುವವರು ಯಾರು?