ಹನ್ನೆರಡನೆಯ ಬುಟ್ಟಿಯ ಕಾವಲು

ಈ ಮೀಸೆಯಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇಷ್ಟು ಸತ್ಯ ಹೇಳಬಲ್ಲವನು ಏಳು ಹಳ್ಳಿಗೆ ನಾನೊಬ್ಬನೇ.

ಯೇಸುಸ್ವಾಮಿ ಐದೇ ರೊಟ್ಟಿಯಲ್ಲಿ ಐದು ಸಾವಿರ ಜನರಿಗೆ ಉಣಿಸಿದ ಸಂಜೆ, ಉಳಿದ ತುಂಡುಗಳನ್ನು ಹನ್ನೆರಡು ಬುಟ್ಟಿಗಳಲ್ಲಿ ತುಂಬಿಟ್ಟಿದ್ದರು. ಆಗ ಕುಂಟು ಮುದುಕಿಯೊಬ್ಬಳು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದು ಕೊನೆಯ ಬುಟ್ಟಿಗೆ ಕೈಯೊಡ್ಡಿದಳು. “ಎರಡು ದಿನದಿಂದ ಉಂಡಿಲ್ಲಪ್ಪಾ.”

“ಪಂಕ್ತಿ ಎದ್ದಾಯಿತಮ್ಮ,” ಎಂದಿತು ಬುಟ್ಟಿ. “ಒಂದು ಚೂರೂ ಹಾಳಾಗಬಾರದೆಂದು ಪ್ರಭುವಿನ ಅಪ್ಪಣೆ. ಅದಕ್ಕೇ ನಾನು ಕಾವಲಿದ್ದೇನೆ.”

ಒಳಗಿದ್ದ ಜವೆಗೋಧಿ ರೊಟ್ಟಿಯ ತುಂಡಿಗೆ ಮೈಯೆಲ್ಲ ಉರಿದುಹೋಯಿತು. “ಎಲೋ ಹೊಟ್ಟೆಬಾಕ! ಪ್ರಭು ನನ್ನನ್ನು ಮುರಿದದ್ದು ಹಸಿದವರಿಗಾಗಿ. ಇವಳ ಬಾಯಿಗೆ ಬೀಳದೆ ನಿನ್ನೊಳಗೆ ಬೂಷ್ಟು ಹಿಡಿದರೆ, ಅದಲ್ಲವೇನೋ ಹಾಳಾಗುವುದು?”

“ಅಪ್ಪಣೆ ಅಂದರೆ ಅಪ್ಪಣೆ,” ಎಂದು ಬುಟ್ಟಿ ಮುಚ್ಚಳ ಬಿಗಿಹಿಡಿಯಿತು.

ರೊಟ್ಟಿಯ ತುಂಡು ತನಗಿಲ್ಲದ ಹಲ್ಲು ಕಡಿದು, ಇಲ್ಲದ ಕಾಲಿನಿಂದ ಒದ್ದು, ಮುಚ್ಚಳವನ್ನು ಗುಡ್ಡದಾಚೆಗೆ ಹಾರಿಸಿ ಮುದುಕಿಯ ಮಡಿಲಿಗೆ ನೆಗೆಯಿತು. ಉಳಿದ ತುಂಡುಗಳೂ ಹಿಂದೆಯೇ ನೆಗೆದವು. ಅವಳು ಹೊಟ್ಟೆ ತುಂಬ ಉಂಡಳು. ಆದರೂ ಬುಟ್ಟಿ ಮೊದಲಿನಂತೆ ತುಂಬಿಯೇ ಇತ್ತು. ಅದನ್ನು ಕಂಡು ಬುಟ್ಟಿ ನಾಚಿ ತಲೆತಗ್ಗಿಸಿತು.

ಸರಿ, ಒಂದು ಸಣ್ಣ ಸಂಗತಿ ನಾನು ಸೇರಿಸಿದ್ದು. ಬುಟ್ಟಿ ನಾಚಲಿಲ್ಲ, ಈಗಲೂ ಮುಚ್ಚಳ ಹುಡುಕುತ್ತಲೇ ಇದೆ.